ಕರೆಂಟ್ ಹೋದ ಮೂರು ರಾತ್ರಿ, ಮತ್ತ ನಮ್ಮನಿ ದೀಪದ ಮಾಡ

ಎಳ್ಳಮಾಸಿ ಹತ್ರ ಬಂತಂದ್ರ ನಮ್ಮ ದೋರನಹಳ್ಳಿ ಕಡಿ ಥಂಡಿ ಗಾಳಿ ಬಿಡ್ತದ. ಹಗಲೊತ್ತು ಬಿಸಲು ಇದ್ದೇ ಇರ್ತದ, ಆದ್ರ ಆರು ಗಂಟೆಕ್ಕ ಕತ್ತಲಾಗ್ತದ, ನಸಕಿನ್ಯಾಗ ಎದ್ದು ನೀರಾಗ ಕೈ ಹಾಕಿದ್ರ ಬೆರಳು ಸೆಟದು ಹೋಗ್ತಾವ. ಇಂಥಾ ದಿನದಾಗ ಮೂರು ರಾತ್ರಿ ಕರೆಂಟ್ ಇಲ್ಲದಂಗ ಮನಿ ನಡಸೂದು ಹೆಂಗ ಅಂತ ನಾನು ಎರಡು ವರ್ಷದ ಹಿಂದ ಮತ್ತೊಮ್ಮೆ ಕಲತೆ. ಕಂದೀಲಿನ ಬೆಳಕಿನ್ಯಾಗ ಓದಿ ಎಸ್ಸೆಸ್ಸೆಲ್ಸಿ ಪಾಸಾದಾಕಿ ನಾನು. ನನಗ ಇದನ್ನ ಮತ್ತ ಕಲೀಬೇಕಾತಲ್ಲ ಅಂತ ನಾಚಿಕಿ ಬಂತು. ಅದಕ್ಕ ಈ ಸಲ ನಮ್ಮ ಕಡಿ ಮನಿಗಳಾಗ ಕತ್ತಲಿಗೆ ಅಂತ ಏನೇನು ಇಟಗೋತಿದ್ರು, ಅದು ಯಾವಾಗ ಬಂತು, ಯಾವಾಗ ಹೋತು ಅನ್ನೂದನ್ನ ಬರೀಬೇಕು ಅನಿಸ್ತು.

ಅವತ್ತು ಸಂಜಿ ಏಳರ ಸುಮಾರಿಗೆ ನಮ್ಮ ಓಣಿ ಟಿಸಿ ಢಂ ಅಂತು. ಟಿಸಿ ಗೊತ್ತಲ್ರೀ, ಕಂಬದ ಮ್ಯಾಲಿನ ಟ್ರಾನ್ಸಫಾರ್ಮರು. ಥಂಡಿಗಾಲದಾಗ ಹಿಂಗಾರಿ ಬೆಳಿಗೆ ನೀರು ಬಿಡೂ ಮೋಟರು ಒಂದ್ಕಡಿ, ಮನಿ ಮನ್ಯಾಗ ನೀರು ಕಾಸೂ ಕಾಯ್ಲು ಒಂದ್ಕಡಿ, ಎಲ್ಲಾ ಭಾರ ಅದರ ಮ್ಯಾಲೇ. ಸುಟ್ಟು ಹೋಗಿತ್ತು. ಹೊಸಾದು ಬರಾಕ ಎರಡು ಮೂರು ದಿನ ಬೇಕು ಅಂದ್ರು. ನಿಯಮದ ಪ್ರಕಾರ ಸುಟ್ಟ ಟಿಸಿ ಬದಲಿ ಮಾಡಾಕ ಪಟ್ಟಣದಾಗ 24 ತಾಸು, ಹಳ್ಳ್ಯಾಗ 72 ತಾಸು ವಾಯಿದೆ ಅದ. ಕತ್ತಲಿ ಇಬ್ಬರಿಗೂ ಒಂದೇ, ತಾಸು ಮಾತ್ರ ಬ್ಯಾರೆ.

ಮನ್ಯಾಗ ಯಾರಿದ್ರು ಅಂದ್ರ, ಹೆರಿಗಿಗೆ ಬಂದ ಮಗಳು, 22 ದಿನದ ಕೂಸು, ಎಂಬತ್ತು ದಾಟಿದ ನಮ್ಮತ್ತಿ, ನಾನು, ನಮ್ಮನಿಯವರು. ಮೊದಲ ತಾಸು ಮೊಬೈಲಿನ ಬೆಳಕು ಹಿಡಕೊಂಡು ಓಡಾಡಿದ್ವಿ. ಹತ್ತು ಗಂಟೆಕ್ಕ ಎರಡೂ ಮೊಬೈಲ್ ಸತ್ತುವು. ಚಾರ್ಜಿಂಗ್ ಲೈಟ್ ಒಂದಿತ್ತು, ಅದನ್ನ ಚಾರ್ಜಿಗೆ ಹಾಕಿ ಎಷ್ಟು ತಿಂಗಳಾಗಿತ್ತೋ ದೇವರಿಗೇ ಗೊತ್ತು, ಒಂದು ಗಳಿಗಿ ಕೆಂಪಗ ಮಿಣುಕಿ ಆರಿತು. ಡಬ್ಬ್ಯಾಗ ಮೊಮ್ಮಗನ ಹುಟ್ಟಿದ ಹಬ್ಬದ ಮೋಂಬತ್ತಿ ಸಿಕ್ಕುವು, ಬೆರಳಿನಷ್ಟೂ ದಪ್ಪ ಇಲ್ಲ. ಕೂಸು ಅಳಾಕ ಹತ್ತಿತ್ತು. ಬಾಣಂತಿ ಕತ್ತಲಾಗ ಕುಂತು ಹಾಲು ಕುಡಸ್ತಿದ್ದಳು.

ಆಗ ನಮ್ಮತ್ತಿ ಹಾಸಿಗ್ಯಾಗಿಂದ ಅಂದ್ರು, "ಮಾಡದಾಗ ಕೈ ಆಡಸಿ ನೋಡವ್ವಾ, ಕಂದೀಲು ಅಲ್ಲೇ ಇರ್ತದ."

ಮಾಡ ಅಂದ್ರ ಗ್ವಾಡ್ಯಾಗ ಬಿಟ್ಟ ಗೂಡು. ಹಳೇ ಮನಿ ಗ್ವಾಡಿ ಎರಡು ಮೊಳ ದಪ್ಪ ಇರ್ತಿದ್ವು, ಕಟ್ಟೂವಾಗೇ ಪಡಸಾಲ್ಯಾಗ, ಅಡಗಿ ಮನ್ಯಾಗ, ದೇವರ ಮುಂದ ದೀಪಕ್ಕಂತ ಮಾಡ ಬಿಡ್ತಿದ್ರು. ಗಾಳಿ ಬಡೀಬಾರದು, ಕೂಸುಗಳ ಕೈಗೆ ಸಿಗಬಾರದು, ಬೆಳಕು ಮಾತ್ರ ಮನಿ ತುಂಬ ಬೀಳಬೇಕು, ಅಷ್ಟು ಲೆಕ್ಕ ಹಾಕಿ ಬಿಟ್ಟ ಜಾಗ ಅದು. ನಾನು ಹೋಗಿ ಕೈ ಆಡಿಸಿದೆ. ಕೈಗೆ ಸಿಕ್ಕಿದ್ದು ಟಿವಿ ಡಬ್ಬಿ, ಎರಡು ರಿಮೋಟು, ಒಂದು ಹಳೇ ಚಾರ್ಜರು.

ಕತ್ತಲಿಗೆ ಅಂತ ಮಾಡಿದ ಜಾಗಾನ ನಾವು ಕರೆಂಟಿನ ಸಾಮಾನಿಗೆ ಕೊಟ್ಟಿದ್ವಿ. ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಈ ಮಾಡದಾಗ ಹಿಂದಕ ಏನೇನಿತ್ತು ಅಂತ ಒಂದೊಂದೇ ನೆನಸಾಕ ಹತ್ತಿದೆ. ನನಗ ಗೊತ್ತಿಲ್ಲದ್ದನ್ನ ನಮ್ಮತ್ತಿ ಹೇಳಿದ್ರು, ಇನ್ನಷ್ಟನ್ನ ಆಮ್ಯಾಲ ಪುಸ್ತಕದಾಗ ಓದಿ ತಿಳಕೊಂಡೆ.

ಮೊದಲಿಗೆ ಹಣತಿ. ದೀಪಕ್ಕ ಎಣ್ಣಿ ಎತ್ತಿಡೂದು ನಮ್ಮ ನಾಡಿನ್ಯಾಗ ಎಷ್ಟು ಹಳೇದು ಅನ್ನೂದಕ್ಕ ಕಲ್ಲಿನ ಶಾಸನಗಳೇ ಸಾಕ್ಷಿ. ಅವುಗಳಾಗ ದೀಪಕ್ಕ ಸೊಡರು ಅಂತಾರ, ಗುಡ್ಯಾಗ ಹಗಲು ರಾತ್ರಿ ಉರಿಯೂ ದೀಪಕ್ಕ ನಂದಾದೀವಿಗೆ ಅಂತಾರ. ಊರಿನ ಗಾಣದವರು ಒಂದು ಗಾಣಕ್ಕ ಇಷ್ಟು ಸೊಲ್ಲಗೆ ಎಣ್ಣಿ ಅಂತ ಗುಡಿ ದೀಪಕ್ಕ ಬಿಟ್ಟುಕೊಟ್ಟದ್ದನ್ನ ಕಲ್ಲಿನ ಮ್ಯಾಲ ಕೆತ್ತಿಸ್ಯಾರ. ನಮ್ಮ ಶಹಾಪುರ ತಾಲೂಕಿನ ಶಿರವಾಳಕ್ಕ ಹೋದವರಿಗೆ ಗೊತ್ತು, ಅಲ್ಲಿ ಹಳೇ ಗುಡಿಗಳು ಗುಂಪುಗುಂಪಾಗಿ ನಿಂತಾವ. ಒಳಗ ಹೋದ್ರ ಮಟಮಟ ಮಧ್ಯಾಹ್ನನೂ ಕತ್ತಲಿ. ಅಷ್ಟೂ ಗುಡಿಗೆ ದೀಪ ಹಚ್ಚಾಕ ಎಷ್ಟು ಗಾಣ ತಿರಗಿರಬೇಕು ಅಂತ ನಾನು ಅಲ್ಲಿ ನಿಂತಾಗೆಲ್ಲಾ ಅಂದಕೋತೀನಿ. ಗುಡಿ ದೀಪದ ಎಣ್ಣಿ ಲೆಕ್ಕ ಕಲ್ಲಿನ ಮ್ಯಾಲ ಉಳದದ. ಮನಿ ದೀಪದ ಎಣ್ಣಿ ಲೆಕ್ಕ ಯಾರೂ ಕೆತ್ತಲಿಲ್ಲ.

ಮನ್ಯಾಗ ಹಚ್ಚತಿದ್ದದ್ದು ಕುಸುಬಿ ಎಣ್ಣಿ, ಇಲ್ಲಾ ಔಡಲೆಣ್ಣಿ. ನಮ್ಮದು ಎರಿ ಭೂಮಿ, ಕುಸುಬಿ ಜ್ವಾಳದ ಹೊಲದಾಗೇ ಅಕ್ಕಡಿಯಾಗಿ ಬೆಳೀತದ. ಅದು ಉಣ್ಣಾಕೂ ಆತು, ದೀಪಕ್ಕೂ ಆತು. ಔಡಲಕ್ಕ ಮಾತ್ರ ಹೆಣ್ಣುಮಕ್ಕಳ ಮೈ ನೋವು ಬೇಕು. ಬೀಜ ಹುರದು, ಒರಳಾಗ ಕುಟ್ಟಿ, ನೀರು ಹಾಕಿ ಕುದಸಿ, ಮ್ಯಾಲ ತೇಲಿದ ಎಣ್ಣಿನ ಸೌಟಿನಿಂದ ತಗದು, ಮತ್ತ ಕಾಸಿ ಇಡಬೇಕು. ಆದ್ರ ಆ ಎಣ್ಣಿ ದೀಪ ನಿಧಾನ ಉರೀತದ, ಹೊಗಿ ಕಮ್ಮಿ. ಅದೇ ಎಣ್ಣಿ ಕೂಸಿನ ನೆತ್ತಿಗೆ, ಬಾಣಂತಿ ಮೈಗೆ, ಹೊಟ್ಟಿ ಕಟ್ಟಿದ್ರ ಹೊಟ್ಟಿಗೆ. ಬತ್ತಿಗೆ ಹತ್ತಿ ಹೊಲದಾಗಿಂದೇ ಬರ್ತಿತ್ತು. ಸಂಜಿ ಮುಂದ ಕುಂತು ಅಂಗೈಯಾಗ ಬತ್ತಿ ಹೊಸಿಯೂದು ಮುದಿಕೇರ ಕೆಲಸ. ಹಂಗಾಗಿ ಮೊದಲಿನ ಕತ್ತಲಿ ಸಾಮಾನು ಒಂದೂ ಅಂಗಡಿದಲ್ಲ, ಎಲ್ಲಾ ಹೊಲದ್ದು. ಕಡ್ಡಿಪೆಟಗಿ ಬರೂತನ ಬೆಂಕಿನೂ ಒಲಿ ಬೂದ್ಯಾಗ ಕೆಂಡ ಮುಚ್ಚಿ ಕಾಯತಿದ್ರು. ಕೆಂಡ ಆರಿದ್ರ ಕುಳ್ಳು ತಗೊಂಡು ಬಾಜೂ ಮನಿಗೆ ಹೋಗಿ ಬೆಂಕಿ ತರಬೇಕು.

ಇನ್ನ ಚಿಮಣಿ ಎಣ್ಣಿ. ಇದು ಹಡಗಿನ್ಯಾಗ ಬಂದದ್ದು. 19ನೇ ಶತಮಾನದ ಕಡೀಕ ಅಮೆರಿಕಾ, ರಷ್ಯಾ ಕಡಿಂದ, ಆಮ್ಯಾಲ ಬರ್ಮಾದಿಂದ ತಗಡಿನ ಡಬ್ಬಿ ಒಳಗ ಬಂತು. ಒಂದು ಡಬ್ಬಿಗೆ ನಾಲ್ಕು ಗ್ಯಾಲನ್, ಅಂದ್ರ ಸುಮಾರು 18 ಲೀಟರು. ಮುಂಬಯಿ ಕಡಿ ರೈಲು ಮತ್ತ ಮದ್ರಾಸ್ ಕಡಿ ರೈಲು 1871ರಾಗ ರಾಯಚೂರಿನ್ಯಾಗ ಕೂಡಿದ್ವು, ಆ ಲೈನಿನ ಮ್ಯಾಲೇ ನಮ್ಮ ಯಾದಗಿರಿ ಅದ. ಸಾಮಾನು ಯಾದಗಿರಿ ಠೇಸಣಕ್ಕ ಇಳದು ಬಂಡಿ ಮ್ಯಾಲ ಭೀಮಾ ದಾಟಿ ನಮ್ಮ ಕಡಿ ಬರ್ತಿತ್ತು. ಎಣ್ಣಿ ಖರ್ಚಾದ ಮ್ಯಾಲ ಡಬ್ಬಿನ ಒಗೀತಿದ್ದಿಲ್ಲ. ಕಟಗಿ ಹಿಡಕಿ ಬಡದು ನೀರು ಹೊರತಿದ್ರು, ಕಾಳು ಇಡತಿದ್ರು, ಬಿಚ್ಚಿ ಬಡದು ಕೊಟ್ಟಿಗಿಗೆ ತಗಡು ಹೊದಸ್ತಿದ್ರು. ನಮ್ಮನ್ಯಾಗ ಅಂಥಾದೊಂದು ಡಬ್ಬಿ ಇನ್ನೂ ಅದ, ಅದರಾಗ ಶೇಂಗಾ ಇಡತೀವಿ.

ಈ ಎಣ್ಣಿ ಬಂದ ಮ್ಯಾಲ ಮಾಡದಾಗ ಎರಡು ದೀಪ ಕುಂತುವು. ಒಂದು ಬುಡ್ಡಿ ಚಿಮಣಿ. ಶಾಯಿ ಬಾಟ್ಲಿ ಇಲ್ಲಾ ಔಷಧ ಬಾಟ್ಲಿ ಬಿರಡಿಗೆ ತೂತು ಹೊಡದು ಹಳೇ ಧೋತರದ ಬತ್ತಿ ಏರಿಸಿದ್ರ ಮುಗೀತು. ಬಡವರ ಮನ್ಯಾಗ ಅದೊಂದೇ. ಇನ್ನೊಂದು ಕಂದೀಲು, ಗಾಜಿನ ಕಂದೀಲು, ಗಾಳಿಗೆ ಆರಲಾರದ್ದು. ಹೊಲಕ್ಕ ನೀರು ಕಟ್ಟಾಕ ಹೋಗೂವರು, ಬಯಲಕಡಿ ಹೋಗೂವರು, ದನ ಕರ ಹಾಕೂವಾಗ ಕೊಟ್ಟಿಗ್ಯಾಗ ಕೂಡೂವರು, ಎಲ್ಲಾರ ಕೈಯಾಗೂ ಅದೇ.

ಕಂದೀಲು ಅಂದ್ರ ಕೆಲಸ ರೀ. ದಿನಾ ಸಂಜಿ ನಾಲ್ಕು ಗಂಟೆಕ್ಕ ಗಾಜು ಬಿಚ್ಚಬೇಕು, ಒಣ ಬೂದಿ ಹಚ್ಚಿ ಮೆತ್ತನ ಅರಿವಿಲೆ ಒರಸಬೇಕು. ನೀರು ತಾಗಿಸಿ ಹಸಿ ಇರೂವಾಗ ಹಚ್ಚಿದ್ರ ಗಾಜು ಟಳ್ ಅಂತ ಒಡೀತದ. ಬತ್ತಿ ಮಸಿನ ಕತ್ತರಿಲೆ ಸಾಪ ಕತ್ತರಸಬೇಕು, ಸೊಟ್ಟ ಆದ್ರ ಒಂದ್ಕಡಿ ಹೊಗಿ ಏಳತದ. ಎಣ್ಣಿ ಸೋಸಿ ಹಾಕಬೇಕು, ಚೆಲ್ಲಬಾರದು. ನಮ್ಮ ತವರು ಮನಿ ಸುರಪುರ ತಾಲೂಕಿನ ಹಳ್ಳಿ. ಅಲ್ಲಿ ಐದು ಕಂದೀಲು, ಮೂರು ಚಿಮಣಿ ಇದ್ವು, ಹತ್ತು ವರ್ಷ ಆದಾಗಿಂದ ಆ ಎಂಟೂ ನನ್ನ ಪಾಲು. ಅಣ್ಣಗೋಳು ಓದಾಕ ಕುಂದರೂದ್ರಾಗ ಗಾಜು ಹೊಳೀಬೇಕು. ಗಾಜು ಒಡದ್ರ ಬೈಸಿಗೊಳ್ಳಾಕಿ ನಾನು, ಬೆಳಕು ಛಲೋ ಇದ್ರ ಯಾರೂ ಏನೂ ಅಂತಿದ್ದಿಲ್ಲ. ನಮ್ಮವ್ವ ಇದನ್ನ ಕೆಲಸ ಅಂತ ಲೆಕ್ಕಕ್ಕೇ ಹಿಡೀತಿದ್ದಿಲ್ಲ. "ಕಸಾ ಮುಸುರಿ ಮುಗದಾವ, ದೀಪ ಹಚ್ಚಿ ಆರಾಮ ಕುಂದ್ರು" ಅಂತಿದ್ಳು. ಆ ದೀಪ ಹಚ್ಚೂದೇ ಒಂದು ತಾಸಿನ ದುಡಿಮಿ.

ಈ ಎಣ್ಣಿಗೂ ಕಷ್ಟದ ದಿನ ಬಂದಾವ. 1942ರಾಗ ಬರ್ಮಾ ಜಪಾನಿನವರ ಕೈಗೆ ಹೋತು, ಅಲ್ಲಿಂದ ಬರೂ ಎಣ್ಣಿ ನಿಂತು ಹೋತು. ಊರಾಗ ಮತ್ತ ಔಡಲೆಣ್ಣಿ ದೀಪ ಹೊರಗ ಬಂದುವು ಅಂತ ನಮ್ಮ ಅತ್ತಿಯವರ ಅವ್ವ ಹೇಳತಿದ್ದರಂತ. ಆಮ್ಯಾಲ ಬಂದದ್ದು ರಜಾಕಾರರ ಹಾವಳಿ. ನಮ್ಮದು ನಿಜಾಮನ ರಾಜ್ಯ ನೋಡ್ರಿ. ದೇಶಕ್ಕ 1947ರಾಗ ಸ್ವಾತಂತ್ರ್ಯ ಬಂದ್ರ ನಮಗ 1948ರ ಸೆಪ್ಟೆಂಬರ್ 17ಕ್ಕ ಬಂತು. ಆ ನಡುವಿನ ವರ್ಷದ ಥಂಡಿಗಾಲದಾಗ ಎಣ್ಣಿ ಇದ್ರೂ ದೀಪ ಹಚ್ಚಾಕ ಅಂಜತಿದ್ರಂತ. ದೂರದಿಂದ ಬೆಳಕು ಕಂಡ್ರ ಇಲ್ಲಿ ಮನಿ ಅದ ಅಂತ ಗೊತ್ತಾಗ್ತದಲ್ಲ. ಹಣತಿ ಮ್ಯಾಲ ಬುಟ್ಟಿ ಮುಚ್ಚಿ, ಬುಟ್ಟಿ ಸಂದ್ಯಾಗಿಂದ ಬಂದ ಬೆಳಕಿನ್ಯಾಗ ರೊಟ್ಟಿ ತಿಂದೀವಿ ಅಂತ ನಮ್ಮತ್ತಿ ಹೇಳತಾರ. ಅವರು ಆಗ ಸಣ್ಣ ಹುಡುಗಿ.

ಗ್ಯಾಸಬತ್ತಿ ಬಗ್ಗೆ ಎರಡು ಮಾತು. ಬುರ್ರ್ ಅಂತ ಸಪ್ಪಳ ಮಾಡೂ ಪೆಟ್ರೋಮ್ಯಾಕ್ಸು, 1910ರ ಸುಮಾರಿಗೆ ಜರ್ಮನಿ ದೇಶದ ಬರ್ಲಿನ್ನಿನ್ಯಾಗ ತಯಾರಾದದ್ದು. ಅದನ್ನ ಮಾಡಿದ ಮ್ಯಾಕ್ಸ್ ಗ್ರೇಟ್ಜ್ ಅನ್ನೂವನ ಹೆಸರೇ ಅದರ ಹೆಸರಿನ ಬಾಲಕ್ಕ ಅಂಟ್ಯದ. ಅದರೊಳಗ ಬೆಳಗೂ ಮ್ಯಾಂಟಲ್ ಚೀಲಕ್ಕ ಥೋರಿಯಂ ಅನ್ನೂ ಧಾತು ಬೇಕು, ಅದು ಸಿಗೂ ಉಸುಕು ನಮ್ಮ ಕೇರಳದ ತಿರುವಾಂಕೂರು ದಂಡಿಯಿಂದ ಜರ್ಮನಿಗೆ ಹೋಗ್ತಿತ್ತು. ನಮ್ಮ ಉಸುಕು ಅಲ್ಲಿ ಹೋಗಿ ಬೆಳಕಾಗಿ ತಿರಗಿ ನಮ್ಮ ಲಗ್ನದ ಹಂದರಕ್ಕ ಬಂತು ಅನ್ರಿ. ಆದ್ರ ಅದು ಮನಿ ಸಾಮಾನಲ್ಲ. ಲಗ್ನ, ದೊಡ್ಡಾಟ, ಜಾತ್ರಿಗೆ ಬಾಡಿಗಿ ತರೂದು. ಹಚ್ಚೂದೂ ಗಂಡಸರ ಕೆಲಸ, ಹಚ್ಚಿದವಗ ಊರಾಗ ಮರ್ಯಾದಿ. ದಿನಾ ಎಂಟು ದೀಪ ಹಚ್ಚೂ ನನಗ ಅದು ಆಗಲೇ ಸೋಜಿಗ ಅನಿಸ್ತಿತ್ತು.

ಕರೆಂಟಿನ ಕತಿ ನಮ್ಮ ಕಡಿ ತಡಾಗಿ ಸುರು ಆಗ್ತದ. ಮೈಸೂರು ಸೀಮ್ಯಾಗ ಕಾವೇರಿ ಮ್ಯಾಲ ಶಿವನಸಮುದ್ರದ ಕರೆಂಟು 1902ರ ಜೂನಿನ್ಯಾಗ ಕೋಲಾರದ ಬಂಗಾರದ ಗಣಿಗೆ ಹೋತು, 1905ರ ಆಗಸ್ಟ್ 5ಕ್ಕ ಬೆಂಗಳೂರಿನ ಬೀದಿ ದೀಪ ಹತ್ತಿದ್ವು. ನಮ್ಮದು ಹೈದರಾಬಾದ್ ರಾಜ್ಯ, ಕರೆಂಟು ರಾಜಧಾನಿಗೆ ಬಂತು, ಹಳ್ಳಿಗೆ ಬರಲಿಲ್ಲ. 1956ರ ನವೆಂಬರ್ 1ಕ್ಕ ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕ ಕೂಡಿದ್ವು, ಮರುವರ್ಷ 1957ರಾಗ ವಿದ್ಯುಚ್ಛಕ್ತಿ ಮಂಡಳಿ ಆತು. ಆಮ್ಯಾಲ ಒಂದೊಂದೇ ಊರಿಗೆ ಕಂಬ ನಿಂತುವು.

ಇಲ್ಲೊಂದು ಮಾತು ಹೇಳಬೇಕು. 1997ರತನ ಸರ್ಕಾರದ ಲೆಕ್ಕದಾಗ ಊರ ಸೀಮ್ಯಾಗ ಎಲ್ಲಾರ ಒಂದ್ಕಡಿ ಯಾವದಕ್ಕಾದ್ರೂ ಕರೆಂಟ್ ಬಳಸಿದ್ರ ಸಾಕು, ಆ ಊರಿಗೆ ಕರೆಂಟ್ ಬಂದಂಗ. ಒಂದು ಪಂಪಸೆಟ್ಟು ನಡದ್ರೂ ಆತು. 2004ರಾಗ ಬದಲಿ ಮಾಡಿ, ನೂರಕ್ಕ ಹತ್ತು ಮನಿಗಾದ್ರೂ ಇರಬೇಕು ಅಂದ್ರು. ಉಳದ ತೊಂಬತ್ತು ಮನ್ಯಾಗ ಚಿಮಣಿ ಇದ್ರೂ ಕಾಗದದ ಮ್ಯಾಲ ಊರು ಬೆಳಗತಿತ್ತು. ಬಡವರ ಮನಿಗೆ ಕರೆಂಟ್ ಅಂತ ಖರೇ ಬಂದದ್ದು ಭಾಗ್ಯಜ್ಯೋತಿ ಯೋಜನೆಯಾಗ, 1979-80ರಿಂದ. ಒಂದು ಮನಿಗೆ ಒಂದೇ ಬಲ್ಬು, 40 ವ್ಯಾಟಿಂದು. ಅದನ್ನ ಎಲ್ಲಿ ಹಾಕಬೇಕು ಅನ್ನೂದೇ ಮನ್ಯಾಗ ಜಗಳ. ಪಡಸಾಲ್ಯಾಗ ಹಾಕಿದ್ರ ಅಡಗಿ ಮನಿಗೆ ಕತ್ತಲಿ. ಭಾಳ ಮನ್ಯಾಗ ಅದು ಪಡಸಾಲಿಗೇ ಬಿತ್ತು, ಅಡಗಿ ಮಾಡೂವರಿಗೆ ಚಿಮಣಿನೇ ಉಳೀತು. ಒಬ್ಬಿಬ್ಬರು ಶಾಣ್ಯಾರು ಗ್ವಾಡಿಗೆ ತೂತು ಕೊರದು ಬಲ್ಬನ್ನ ತೂತಿನ್ಯಾಗ ತೂಗಬಿಟ್ಟು ಎರಡೂ ಕಡಿ ಬೆಳಕು ಮಾಡಿಕೊಂಡಿದ್ರು.

ಆದ್ರ ಕರೆಂಟ್ ಬಂತಂತ ಕಂದೀಲು ಒಳಗ ಹೋಗಲಿಲ್ಲ. ಆಗ ನಮ್ಮ ರಾಜ್ಯದ ಕರೆಂಟೆಲ್ಲಾ ನೀರಿಂದೇ, ಶರಾವತಿ, ಕಾಳಿ ಅಂತ. ಮಳಿ ಕೈ ಕೊಟ್ರ ಥಂಡಿಗಾಲದಿಂದಲೇ ಕಡಿತ ಸುರು. ಕೃಷ್ಣಾ ದಂಡಿ ಮ್ಯಾಲ ಶಕ್ತಿನಗರದಾಗ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೂ ರಾಯಚೂರು ಸ್ಥಾವರ 1985ರಾಗ ಸುರು ಆತು. ಅದು ನಮ್ಮ ಮಗ್ಗಲಾಗೇ. ಅಲ್ಲಿ ಕರೆಂಟ್ ಹುಟ್ಟಿದ್ರೂ ನಾನು 1986ರ ಮಾರ್ಚಿನ್ಯಾಗ ಪರೀಕ್ಷಿಗೆ ಓದಿದ್ದು ಕಂದೀಲು ಮುಂದಿಟಗೊಂಡು. ಲಗ್ನ ಆಗಿ ದೋರನಹಳ್ಳಿಗೆ ಬಂದ ಮ್ಯಾಲೂ ಹಂಗೇ. ಹೊಲಕ್ಕೂ ಊರಿಗೂ ಒಂದೇ ಲೈನು. ಥ್ರೀ ಫೇಸ್ ಬಂದ್ರ ಮೋಟರು, ಸಿಂಗಲ್ ಫೇಸ್ ಬಂದ್ರ ದೀಪ, ಏನೂ ಬರಲಿಲ್ಲಂದ್ರ ಕಂದೀಲು. ದಿನಾ ಹೋಗೂ ಕರೆಂಟು, ಹಂಗಾಗಿ ದಿನಾ ತಯಾರಿ. ಮಾಡದಾಗ ಕಂದೀಲು, ಮಗ್ಗಲಿಗೆ ಕಡ್ಡಿಪೆಟಗಿ, ಮೊಳಿಗೆ ತೂಗಬಿಟ್ಟ ಬ್ಯಾಟ್ರಿ. ಸೆಲ್ಲು ಇಳದ್ರ ಮಾಳಿಗಿ ಮ್ಯಾಲ ಬಿಸಲಿಗೆ ಇಟ್ಟು ಎರಡು ದಿನ ಹೆಚ್ಚಿಗಿ ನಡಸೂದು. ರೇಷನ್ ಅಂಗಡಿಯಿಂದ ತಂದ ನೀಲಿ ಬಣ್ಣದ ಎಣ್ಣಿ ಒಂದು ಕ್ಯಾನು. ಕತ್ತಲಾಗ ಕೈ ಹಾಕಿದ್ರ ಯಾವ ಸಾಮಾನು ಎಲ್ಲದ ಅಂತ ಕೂಸುಗಳಿಗೂ ಗೊತ್ತಿತ್ತು.

ಅದು ಖಾಲಿ ಆದದ್ದು ಕರೆಂಟ್ ಸುಧಾರಿಸಿದ ಮ್ಯಾಲ. 2002ರಾಗ ನಮ್ಮ ಭಾಗಕ್ಕ ಜೆಸ್ಕಾಂ ಆತು. 2009ರ ಡಿಸೆಂಬರ್ 30ಕ್ಕ ಯಾದಗಿರಿ ಜಿಲ್ಲೆ ಆತು. ನಿರಂತರ ಜ್ಯೋತಿ ಯೋಜನೆ ಬಂದು ಊರಿನ ಲೈನು, ಹೊಲದ ಲೈನು ಬ್ಯಾರೆ ಬ್ಯಾರೆ ಆದ್ವು. 2015ರ ಮ್ಯಾಲ ಎಲ್ಲಾ ಕಡಿ ಎಲ್‌ಇಡಿ ಬಲ್ಬು, ಒಂಬತ್ತು ವ್ಯಾಟಿಗೇ ಮನಿ ಬೆಳ್ಳಗ. ಗ್ಯಾಸ್ ಒಲಿ ಇದ್ದವರಿಗೆ ರೇಷನ್ನಿನ ಚಿಮಣಿ ಎಣ್ಣಿ ಬಂದಾತು. 2023ರ ಆಗಸ್ಟ್ 5ಕ್ಕ ನಮ್ಮ ಕಲಬುರಗ್ಯಾಗೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೃಹಜ್ಯೋತಿ ಸುರು ಮಾಡಿದ್ರು, 200 ಯೂನಿಟಿನ ತನ ಬಿಲ್ಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದೂ ಆಗಸ್ಟ್ 5ಕ್ಕೇ ನೋಡ್ರಿ, ನಡುವ 118 ವರ್ಷ. ಇದೆಲ್ಲಾ ಛಲೋನೇ ಆತು, ನಾನು ಬ್ಯಾಡ ಅನ್ನಾಂಗಿಲ್ಲ. ಖರೇ, ಬಂದ ಒಂದೊಂದು ಸುಧಾರಣಿಗೂ ನಮ್ಮ ಮಾಡದಾಗಿನ ಒಂದೊಂದು ಸಾಮಾನು ಕಮ್ಮಿ ಆತು. ಬರೇ ಬೆಳಕಲ್ಲ. ನೀರು ಬೋರಿನ ಮೋಟರಿಗೆ ಹೋತು, ಹಿಟ್ಟು ಗಿರಣಿಗೆ ಹೋತು, ಖಾರ ಮಿಕ್ಸರಿಗೆ, ಬಿಸಿನೀರು ಕಾಯ್ಲಿಗೆ, ಹಾಲು ಫ್ರಿಜ್ಜಿಗೆ ಹೋತು. ಹಿಂದಕ ಕರೆಂಟ್ ಹೋದ್ರ ಒಂದು ಬಲ್ಬು ಹೋಗ್ತಿತ್ತು. ಈಗ ಮನಿನೇ ನಿಲ್ತದ.

ಆ ರಾತ್ರಿಗೆ ತಿರಗಿ ಬರತೀನಿ. ಕಂದೀಲು ಸಿಕ್ತು, ಅಟ್ಟದ ಮ್ಯಾಲ ಇತ್ತು, ಗಾಜು ಸೈತ ಒಡದಿದ್ದಿಲ್ಲ. ಎಣ್ಣಿ ಹನಿನೂ ಇದ್ದಿಲ್ಲ. ಓಣ್ಯಾಗ ನಾಲ್ಕು ಮನಿ ಕೇಳಿದ್ವಿ, ಯಾರ ಹತ್ರನೂ ಇಲ್ಲ. ಕಡೀಕ ನಮ್ಮತ್ತಿ ಎದ್ದು ಕುಂತು, ದೀಪಾವಳಿ ಹಣತಿ ತರಿಸಿ, ತಮ್ಮ ಹಳೇ ಸೀರಿ ಸೆರಗು ಹರದು ಬತ್ತಿ ಹೊಸದು, ಅಡಗಿ ಮನಿ ಕುಸುಬಿ ಎಣ್ಣಿ ಹಾಕಿ ಹಚ್ಚಿದ್ರು. ರಿಮೋಟು ಚಾರ್ಜರು ತಗದು ಆ ಹಣತಿನ ಮಾಡದಾಗ ಇಟ್ಟೆ. ಬೆಳಕು ಸೀದಾ ಬಾಣಂತಿ ಹೊರಸಿನ ಮ್ಯಾಲ ಬಿತ್ತು, ಕಣ್ಣಿಗೆ ಚುಚ್ಚಲಿಲ್ಲ, ಕೂಸು ಸುಮ್ಮಾತು. ನೂರು ವರ್ಷದಾಗ ಬಂದ ಸಾಮಾನೆಲ್ಲಾ ಕೈ ಕೊಟ್ಟು, ಎಲ್ಲಾದಕ್ಕಿಂತ ಹಳೇದು ಕೆಲಸಕ್ಕ ಬಂತು.

ನೀರಿಗೆ ಮರುದಿನ ಊರ ಕೈಪಂಪಿಗೆ ಹೋದ್ವಿ. ನಾವು ಬೋರಿಂಗು ಅಂತೀವಲ್ಲ, ಆ ಕಬ್ಬಿಣದ ಹಿಡಕಿ ಪಂಪು. ಅದರ ಮೂಲ ನಮ್ಮ ಮಗ್ಗಲಿನ ಸೊಲ್ಲಾಪುರದ್ದು. ಅಲ್ಲಿ ಮಾಡಿದ ಗಟ್ಟಿ ಪಂಪು ನೋಡಿ 1970ರ ದಶಕದಾಗ ಯುನಿಸೆಫ್ ಮತ್ತ ನಮ್ಮ ಸರ್ಕಾರ ಕೂಡಿ ಇಂಡಿಯಾ ಮಾರ್ಕ್ 2 ಅಂತ ಮಾಡಿದ್ರು, ಅದು ಆಮ್ಯಾಲ ಆಫ್ರಿಕಾದ ತನ ಹೋತು. ನಮ್ಮೂರಿನ ಬೋರಿಂಗು ಹೊಡೀಲಾರದ ಜಂಗು ಹಿಡದಿತ್ತು. ನೂರು ಸಲ ಹೊಡದ ಮ್ಯಾಲ ಕೆಂಪು ನೀರು, ಆಮ್ಯಾಲ ತಿಳಿ ನೀರು ಬಂತು. ಅವತ್ತು ಅಲ್ಲಿ ಹೆಣ್ಣುಮಕ್ಕಳ ಪಾಳಿ ನೋಡಿ ನನಗ ಮೂವತ್ತು ವರ್ಷ ಹಿಂದಕ ಹೋದಂಗಾತು. ಊಟಕ್ಕ ಚಿಂತಿ ಆಗಲಿಲ್ಲ. ಗಿರಣಿ ಬಂದಿದ್ರೂ ಡಬ್ಬಿ ತುಂಬ ಖಡಕ್ ರೊಟ್ಟಿ ಇದ್ವು, ಶೇಂಗಾ ಹಿಂಡಿ ಇತ್ತು. ತಿಂಗಳಗಟ್ಟಲೆ ಕೆಡಲಾರದ ಆ ರೊಟ್ಟಿನ ನಮ್ಮ ಹಿರೇರು ಕರೆಂಟಿಗೆ ಅಂಜಿ ಮಾಡಲಿಲ್ಲ, ಸುಗ್ಗ್ಯಾಗ ಒಲಿ ಮುಂದ ಕುಂದರಾಕ ಪುರಸೊತ್ತಿಲ್ಲಂತ ಮಾಡಿದ್ರು. ಆದ್ರೂ ನಮಗ ಆತು.

ಎರಡನೇ ರಾತ್ರಿ ಥಂಡಿ ಹೆಚ್ಚಿತ್ತು. ಅಗ್ಗಿಷ್ಟಿಗ್ಯಾಗ ಕೆಂಡ ಹಾಕಿ ಬಾಣಂತಿ ಹೊರಸಿನ ಕೆಳಗ ಇಟ್ಟೆ, ಕದಾ ಕಿಡಕಿ ಹಾಕಿದೆ. ಹಿಂದಕ ಹಂಗೇ ಮಾಡತಿದ್ರಲ್ಲ. ಒಂದು ತಾಸಿನ್ಯಾಗ ಮಗಳು "ಯವ್ವಾ, ತಲಿ ಭಾಳ ಸಿಡೀಲತ್ತದ, ವಾಂತಿ ಬಂದಂಗಾಗ್ಲತ್ತದ" ಅಂದ್ಳು. ನಾನು ಬಾಣಂತಿಗೆ ದೃಷ್ಟಿ ಆಗ್ಯದೇನೋ ಅಂತಿದ್ದೆ. ನಮ್ಮನಿಯವರು ಓಡಿ ಬಂದು ಕದಾ ತಗದು ಅಗ್ಗಿಷ್ಟಿಗಿ ಎತ್ತಿ ಅಂಗಳಕ್ಕ ಒಯ್ದರು. ಅರ್ಧ ತಾಸಿಗೆ ಸುಧಾರಿಸಿದಳು. ಕೆಂಡದಾಗಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೂ ಗಾಳಿ ಬರ್ತದ, ಅದಕ್ಕ ವಾಸನಿ ಇಲ್ಲ, ಹೊಗಿ ಇಲ್ಲ, ಮಲಗಿದವರು ಮಲಗಿದಂಗೇ ಹೋಗ್ತಾರ. ಹಳೇ ಮನಿಗೆ ಮಾಳಿಗ್ಯಾಗ ಬೆಳಕಿಂಡಿ ಇತ್ತು, ಗಾಳಿ ಆಡತಿತ್ತು. ನಾವು ಆರ್‌ಸಿಸಿ ಹಾಕಿ ಬೆಳಕಿಂಡಿ ಮುಚ್ಚೀವಿ. ಹಳೇ ಸಾಮಾನು ಹೊಸ ಮನ್ಯಾಗ ಇಟ್ರ ಹಿಂಗಾಗ್ತದ ಅಂತ ನನಗ ಹೊಳೀಲಿಲ್ಲ. ಆ ಮಾತು ನೆನಸಿದ್ರ ಇವತ್ತಿಗೂ ಎದಿ ಝಲ್ ಅಂತದ.

ಇದು ಬರೇ ನಮ್ಮ ಹಳ್ಳಿ ದಡ್ಡತನ ಅಂತ ತಿಳೀಬ್ಯಾಡ್ರಿ. 2021ರ ಫೆಬ್ರವರಿಯಾಗ ಅಮೆರಿಕಾದ ಟೆಕ್ಸಾಸದಾಗ ಹಿಮ ಬಿದ್ದು ಲಕ್ಷಗಟ್ಟಲೆ ಮನಿಗೆ ದಿನಗಟ್ಟಲೆ ಕರೆಂಟ್ ಹೋಗಿತ್ತು. ಅಲ್ಲಿ ಮನಿ ಬೆಚ್ಚಗ ಮಾಡೂದೂ ಕರೆಂಟೇ. ಥಂಡಿ ತಡೀಲಾರದ ಇದ್ದಲು ಒಲಿ ಒಳಗ ತಂದವರು, ಮುಚ್ಚಿದ ಗ್ಯಾರೇಜಿನ್ಯಾಗ ಕಾರು ಸುರು ಇಟ್ಟು ಕುಂತವರು ಇದೇ ಗಾಳಿಗೆ ಸತ್ತರು. ನನ್ನ ತಂಗಿ ಮಗಳು ಅಲ್ಲೇ ಇರ್ತಾಳ. ಅಷ್ಟು ದೊಡ್ಡ ಮನ್ಯಾಗ ಕಡ್ಡಿಪೆಟಗಿ ಇದ್ದಿಲ್ಲಂತ, ಕೂಸುಗಳ ಮ್ಯಾಲ ಇದ್ದ ಅರಿವಿ ಎಲ್ಲಾ ಹೊದಸಿ, ನಡುವ ತಮ್ಮವ್ವ ಹೊಲದು ಕೊಟ್ಟ ಕೌದಿ ಹಾಕಿ ಕುಂತಿದ್ದಳಂತ.

ಹಳೇದೆಲ್ಲಾ ಛಲೋ ಇತ್ತು ಅಂತ ಹೇಳಾಕ ನಾನು ಕುಂತಿಲ್ಲ. ನಮ್ಮ ತವರೂರಾಗ ಬುಡ್ಡಿ ಚಿಮಣಿ ಉರಳಿ ಹಾಸಿಗಿಗೆ ಬೆಂಕಿ ಹತ್ತಿ ನನ್ನ ಜೋಡಿ ಆಡೂ ಹುಡುಗಿ ಹೋದಳು, ನನಗ ಆಗ ಏಳು ವರ್ಷ. ಚಿಮಣಿ ಹೊಗಿಗೆ ನಮ್ಮವ್ವನ ಕಣ್ಣು ಹಾಳಾದ್ವು. ಬೆಂಕಿ ಅಂದ್ರ ನಮ್ಮೂರಿಗೆ ಇನ್ನೊಂದು ಅಂಜಿಕಿನೂ ಅದ. 2022ರ ಫೆಬ್ರವರಿಯಾಗ ಇದೇ ದೋರನಹಳ್ಳ್ಯಾಗ ಸೀಮಂತದ ಮನ್ಯಾಗ ಗ್ಯಾಸ್ ಸಿಲಿಂಡರಿನ ಬೆಂಕಿಗೆ ಎಷ್ಟೋ ಮಂದಿ ಜೀವ ಹೋತು. ಅದಾದ ಮ್ಯಾಲ ಕತ್ತಲಾಗ ಅಡಗಿ ಮನಿಗೆ ಹೋಗಿ ಕಡ್ಡಿ ಗೀರಾಕ ನಮಗ ಕೈ ನಡಗತದ. ಮೊದಲು ಕದಾ ತಗೀತೀವಿ, ಮೂಗಿಲೆ ನೋಡತೀವಿ, ಆಮ್ಯಾಲ ಕಡ್ಡಿ.

ಮೂರನೇ ರಾತ್ರಿ ಎರಡು ಗಂಟೆಕ್ಕ ಕರೆಂಟ್ ಬಂತು. ಎಲ್ಲಾ ಬಲ್ಬು, ಟಿವಿ, ಮೋಟರು ಒಮ್ಮೆಲೇ ಎದ್ದುವು, ಕೂಸು ಬೆಚ್ಚಿ ಅತ್ತಿತು.

ಈಗ ಮಾಡ ಖಾಲಿ ಮಾಡೀನಿ, ಟಿವಿ ಡಬ್ಬಿಗೆ ಗ್ವಾಡಿಗೆ ಹಲಗಿ ಬಡಿಸೀವಿ. ಮಾಡದಾಗ ನಾಲ್ಕು ಹಣತಿ, ಡಬ್ಬ್ಯಾಗ ಹೊಸದಿಟ್ಟ ಬತ್ತಿ, ಒಂದು ಬಾಟ್ಲಿ ಔಡಲೆಣ್ಣಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿದ ಎರಡು ಕಡ್ಡಿಪೆಟಗಿ, ದಪ್ಪ ಮೋಂಬತ್ತಿ ಆರು. ಮೊಳಿಗೆ ಸೆಲ್ಲಿನ ಬ್ಯಾಟ್ರಿ, ಸೆಲ್ಲು ಹೊರಗ ತಗದೇ ಇಡತೀನಿ, ಒಳಗಿದ್ರ ಸೋರತಾವ. ಬಿಸಲಿಗೆ ಚಾರ್ಜ್ ಆಗೂ ಸೋಲಾರ್ ಲೈಟ್ ಒಂದು ಮಗ ತಂದು ಕೊಟ್ಟಾನ, ದೀಪಾವಳಿಯಿಂದ ಶಿವರಾತ್ರಿ ತನ ದಿನಾ ಮಾಳಿಗಿ ಮ್ಯಾಲ ಇಡೂದು ನನ್ನ ಪಾಳಿ ಅಲ್ಲ, ಅವನದು. ಹಂಗಂತ ಕರಾರು ಮಾಡಿ ತಗೊಂಡೀನಿ. ಎರಡು ಹರಿವಿ ನೀರು ಮೋಟರ್ ನಡೀಲಿ ಬಿಡಲಿ ತುಂಬಿರಬೇಕು, ವಾರಕ್ಕಾಗೂವಷ್ಟು ಹಿಟ್ಟು ಮುಂಗಡ ಬೀಸಿರಬೇಕು, ಮೊಬೈಲು ಸಂಜಿ ಐದಕ್ಕ ಚಾರ್ಜಿಗೆ. ಬೆಚ್ಚಗಿರಾಕ ಕೌದಿ ಮತ್ತ ಕಂಬಳಿ, ಕೆಂಡ ಅಂಗಳದಾಗ ಮಾತ್ರ. ಆರ್‌ಸಿಸಿ ಮ್ಯಾಲ ಬೆಳಕಿಂಡಿಗೆ ಒಂದು ತೂತು ಹೊಡಸಬೇಕು ಅಂತ ನಮ್ಮನಿಯವರ ಹಿಂದ ಹತ್ತೀನಿ, ಎರಡು ವರ್ಷಾತು, ಇನ್ನೂ ಹೊಡಸಿಲ್ಲ.

ಕಂದೀಲು ಸೈತ ಮಾಡದ ಮಗ್ಗಲಿಗೇ ತೂಗಬಿಟ್ಟೀನಿ. ಶಹಾಪುರ ಸಂತ್ಯಾಗ ಹುಡುಕಿ ಹೊಸ ಬತ್ತಿ ತಂದು ಹಾಕೀನಿ, ಗಾಜಿಗೆ ಬೂದಿ ಹಚ್ಚಿ ಒರಸೀನಿ. ಎಣ್ಣಿ ಮಾತ್ರ ಎಲ್ಲೂ ಸಿಕ್ಕಿಲ್ಲ.